ಕೋಯಾಸಾನ್‌ಗೆ ಹೊರಟಿರುವ ಪುಟ್ಟಿಗೆ ದೊಡ್ಡಮ್ಮನ ಮಾತು

ಪುಟ್ಟೀ, ನಮ್ಮ ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ಪೂಜೆ ಮುಗಿಸಿ ಈಗ ನೋಡಿದೆ. ಏಪ್ರಿಲ್‌ನಲ್ಲಿ ಜಪಾನ್‌ಗೆ ಹೋಗುತ್ತಿದ್ದೇವೆ, ಒಂದು ರಾತ್ರಿ ಕೋಯಾಸಾನ್ ಬೆಟ್ಟದ ದೇವಸ್ಥಾನದಲ್ಲೇ ಉಳಿಯುತ್ತೇವೆ, ಅತ್ತೆಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಸಿಗುತ್ತದಾ, ಅಲ್ಲಿ ಹೆಂಗಸರೆಲ್ಲ ಬಟ್ಟೆ ಬಿಚ್ಚಿ ಒಂದೇ ತೊಟ್ಟಿಯಲ್ಲಿ ಸ್ನಾನ ಮಾಡಬೇಕಂತೆ, ಅದನ್ನು ಕೇಳಿದಾಗಿನಿಂದ ಅತ್ತೆ ನಾನು ಬರುವುದೇ ಇಲ್ಲ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯಲ್ವಾ. ಹೇಳುತ್ತೇನೆ. ಟೈಪ್ ಮಾಡಿದರೆ ಕಣ್ಣು ನೋಯುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆದರೂ ಪೂರ್ತಿ ಕೇಳು. ಅತ್ತೆಗೂ ಕೇಳಿಸು.

ಎಲ್ಲಕ್ಕಿಂತ ಮೊದಲು ಒಂದು ಮಾತು. ಏನೇ ಆಗಲಿ, ಸಂಜೆ 5 ಗಂಟೆಯೊಳಗೆ ಆ ದೇವಸ್ಥಾನದ ಬಾಗಿಲಲ್ಲಿ ಇರಿ. ಐದೂವರೆ ಅಲ್ಲ, ಆರು ಅಲ್ಲ. ಐದರೊಳಗೆ.

ಯಾಕೆ ಅಂತ ಹೇಳುತ್ತೇನೆ. ನಾನೂ ನಿಮ್ಮ ದೊಡ್ಡಪ್ಪನೂ ಹೋಗಿದ್ದು 2019ರ ನವೆಂಬರ್‌ನಲ್ಲಿ. ಅವರ ರಿಟೈರ್‌ಮೆಂಟ್ ಆದ ವರ್ಷ, ನಿಮಗೆಲ್ಲ ಗೊತ್ತೇ ಇದೆ. ನಮ್ಮ ಪ್ಲ್ಯಾನ್ ಮಾಡಿಕೊಟ್ಟವರು ಬೆಳಿಗ್ಗೆ ನಾರಾ, ಸಂಜೆ ಕೋಯಾಸಾನ್ ಅಂತ ಒಂದೇ ದಿನಕ್ಕೆ ಹಾಕಿದ್ದರು. ಕಾಗದದ ಮೇಲೆ ಎಲ್ಲ ಸರಿಯಾಗೇ ಇತ್ತು. ನಾರಾದಲ್ಲಿ ತೋದಾಯ್‌ಜಿ ದೇವಸ್ಥಾನದ ದೊಡ್ಡ ಬುದ್ಧನನ್ನು ನೋಡಲು ಹೋದೆವು. ಕೂತಿರುವ ಬುದ್ಧನೇ ಸುಮಾರು 15 ಮೀಟರ್ ಎತ್ತರ. ಆ ಬುದ್ಧನಿಗೆ 752ರಲ್ಲಿ ಕಣ್ಣು ಬರೆದವರು ಬೋಧಿಸೇನ ಅನ್ನುವ ನಮ್ಮ ಭಾರತದ ಭಿಕ್ಷು. ದೊಡ್ಡಪ್ಪ ಇದನ್ನು ಓದಿಕೊಂಡೇ ಬಂದಿದ್ದರು. ಅಲ್ಲಿಂದ ಕದಲಲೇ ಇಲ್ಲ. ಇಷ್ಟು ದೂರ, ಆ ಕಾಲದಲ್ಲಿ, ಹಡಗಿನಲ್ಲಿ ಬಂದಿದ್ದಾರಲ್ಲ ಕಣೇ, ಅಂತ ಮತ್ತೆ ಮತ್ತೆ ಹೇಳುತ್ತಾ ನಿಂತೇ ಇದ್ದರು. ನಾನೂ ಅವಸರ ಮಾಡಲಿಲ್ಲ. ಜಿಂಕೆಗಳಿಗೆ ಬಿಸ್ಕತ್ತು ಹಾಕುತ್ತಾ ಕೂತೆ.

ಅಲ್ಲಿಂದ ಹೊರಟಾಗಲೇ 3 ಗಂಟೆ ದಾಟಿತ್ತು. ಒಸಾಕಾದ ನಾಂಬಾಕ್ಕೆ ಬಂದು, ಲಾಕರ್‌ನಲ್ಲಿ ಇಟ್ಟಿದ್ದ ಎರಡು ದೊಡ್ಡ ಸೂಟ್‌ಕೇಸ್ ತೆಗೆದುಕೊಂಡು, ನಾಂಕಾಯ್ ರೈಲು ಹತ್ತಿ, ಹಾಶಿಮೋತೋ ಅನ್ನುವ ಸ್ಟೇಷನ್‌ನಲ್ಲಿ ಬೇರೆ ರೈಲಿಗೆ ಬದಲಾಯಿಸಬೇಕಿತ್ತು. ಸೂಟ್‌ಕೇಸ್ ಎಳೆದುಕೊಂಡು ಹೋಗುವಷ್ಟರಲ್ಲಿ ಆ ರೈಲು ಕಣ್ಣೆದುರೇ ಹೋಯಿತು. ಅರ್ಧ ಗಂಟೆ ಕಾದೆವು. ನವೆಂಬರ್ ಅಲ್ವಾ, ಐದಕ್ಕೆಲ್ಲ ಕತ್ತಲೆ. ಕೊನೆಯ ಸ್ಟೇಷನ್ ಗೋಕುರಾಕುಬಾಶಿ, ಅಲ್ಲಿಂದ ಬೆಟ್ಟ ಹತ್ತಲು ಕೇಬಲ್ ಕಾರ್, ಐದೇ ನಿಮಿಷ, ಆದರೆ ಕಡಿದಾದ ಬೆಟ್ಟ. ಮೇಲೆ ಇಳಿದ ಮೇಲೆ ಬಸ್ಸು ಹಿಡಿಯಲೇಬೇಕು, ಆ ರಸ್ತೆಯಲ್ಲಿ ನಡೆದು ಹೋಗಲು ಬಿಡುವುದಿಲ್ಲ. ಬೆಟ್ಟ ಸುಮಾರು 800 ಮೀಟರ್ ಎತ್ತರ, ಚಳಿ ಮೂಳೆಗೆ ಇಳಿಯುತ್ತಿತ್ತು. ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನಾವು ದೇವಸ್ಥಾನ ಮುಟ್ಟಿದಾಗ 7 ಗಂಟೆ 20 ನಿಮಿಷ. ಅಲ್ಲಿ ಊಟದ ಸಮಯ ಐದೂವರೆ.

ಬಾಗಿಲ ಹತ್ತಿರ ಒಬ್ಬ ಹುಡುಗ ನಿಂತಿದ್ದ. ಭಿಕ್ಷು ಅಂತ ಹೇಳಬೇಕು, ಆದರೆ ಹುಡುಗನೇ. ನಮ್ಮ ಶಿವಮೊಗ್ಗದ ಪುಟ್ಟನ ವಯಸ್ಸು ಇರಬಹುದು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕೈಯೆಲ್ಲ ಕೆಂಪಗಾಗಿತ್ತು. ನಮ್ಮ ಸೂಟ್‌ಕೇಸ್ ತಾನೇ ಎತ್ತಿಕೊಂಡ. ಅಲ್ಲಿ ಚಾಪೆಯ ಮೇಲೆ ಚಕ್ರ ಉರುಳಿಸಬಾರದು, ಅದಕ್ಕೆ ಎರಡನ್ನೂ ಎದೆಗವಚಿಕೊಂಡು ಮೆಟ್ಟಿಲು ಹತ್ತಿದ. ಕೋಣೆಯಲ್ಲಿ ನಮ್ಮಿಬ್ಬರ ಊಟ ಪುಟ್ಟ ಪುಟ್ಟ ಕೆಂಪು ಮಣೆಗಳ ಮೇಲೆ ಜೋಡಿಸಿ ಇಟ್ಟಿತ್ತು. ಎಳ್ಳಿನ ತೋಫು, ಕೋಯಾ ತೋಫು, ನಮ್ಮ ಬಜ್ಜಿ ಥರದ ತರಕಾರಿ ತೆಂಪುರಾ, ಉಪ್ಪಿನಕಾಯಿ, ಸಾರು, ಅನ್ನ. ಒಂದೊಂದು ಬಟ್ಟಲಲ್ಲಿ ಒಂದೊಂದು ಎಲೆ, ಒಂದೊಂದು ಬಣ್ಣ. ಎಲ್ಲ ತಣ್ಣಗೆ ಕೊರೆಯುತ್ತಿತ್ತು. ತೆಂಪುರಾ ಮೆತ್ತಗಾಗಿತ್ತು. ಆ ಹುಡುಗ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, ಸುಮಿಮಾಸೆನ್ ಅಂದ. ಕ್ಷಮಿಸಿ ಅಂತ. ಊಟ ತಣ್ಣಗಾಗಿದೆ ಕ್ಷಮಿಸಿ ಅಂತ ಅವನು ನಮ್ಮನ್ನು ಕೇಳುತ್ತಿದ್ದಾನೆ! ತಡ ಮಾಡಿದ್ದು ನಾವು. ನನಗೆ ಗಂಟಲು ಕಟ್ಟಿತು. ಅನ್ನ ಬಿಸಿ ಮಾಡಿ ತಂದ, ನಾವು ತಿಂದು ಮುಗಿಸುವವರೆಗೂ ಹೊರಗೆ ಕಾದ, ಮಣೆ ಎತ್ತಿದ, ಹಾಸಿಗೆ ಹಾಸಿದ. ಆಮೇಲೇ ಅವನು ಊಟಕ್ಕೆ ಹೋಗಿದ್ದು ಅಂತ ಮರುದಿನ ಗೊತ್ತಾಯಿತು.

ನೀನು ಯೋಚನೆ ಮಾಡು ಪುಟ್ಟಿ. ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸಿ ಆದ ಮೇಲೆ ಎರಡು ಗಂಟೆ ಬಿಟ್ಟು ಹೋಗಿ ಕೂತ ಹಾಗೆ ಅದು. ಅಲ್ಲಿ ಹೋಟೆಲಿನ ಹಾಗೆ ಆರ್ಡರ್ ಕೊಟ್ಟಾಗ ಮಾಡುವುದಿಲ್ಲ, ತಲೆ ಎಣಿಸಿ ಅಡುಗೆ ಮಾಡುತ್ತಾರೆ. ಅವರಿಗೆ ಬೆಳಗಿನ ಪೂಜೆ ಆರಕ್ಕೆಲ್ಲ ಶುರು. ಹೊರಗೆ ಹೋಗಿ ತಿನ್ನೋಣ ಅಂದರೆ ರಾತ್ರಿ ಅಲ್ಲಿ ಹೆಚ್ಚು ಕಡಿಮೆ ಏನೂ ತೆರೆದಿರುವುದಿಲ್ಲ.

ಮರುದಿನ ಇನ್ನೂ ಜಾಸ್ತಿ ನೋವಾಯಿತು. ಬೆಳಗಿನ ಪೂಜೆಯಲ್ಲಿ ಅದೇ ಹುಡುಗ ಕೂತು ಮಂತ್ರ ಹೇಳುತ್ತಿದ್ದ. ನನಗೆ ಒಂದೂ ಅರ್ಥ ಆಗುತ್ತಿರಲಿಲ್ಲ, ಕೊನೆಯಲ್ಲಿ ಗ್ಯಾತೇ ಗ್ಯಾತೇ ಹಾರಾಗ್ಯಾತೇ ಅಂದಾಗ ದೊಡ್ಡಪ್ಪ ನನ್ನ ಕೈ ಒತ್ತಿದರು. ಗತೇ ಗತೇ ಪಾರಗತೇ, ನಮ್ಮ ಸಂಸ್ಕೃತ ಕಣೇ ಅಂತ. ಕೊನೆಗೆ ಸೋವಾಕಾ ಅನ್ನುತ್ತಾರೆ, ಅದು ಸ್ವಾಹಾ. ಅಗ್ನಿಯಲ್ಲಿ ಕಟ್ಟಿಗೆ ಹಾಕಿ ಮಾಡುವ ಪೂಜೆಗೆ ಗೋಮಾ ಅನ್ನುತ್ತಾರೆ, ನಮ್ಮ ಹೋಮವೇ. ಸಮಾಧಿಗಳ ಹಿಂದೆ ನಿಲ್ಲಿಸಿದ ಮರದ ಪಟ್ಟಿಗಳ ಮೇಲೆ ಸಿದ್ಧಂ ಅನ್ನುವ ನಮ್ಮ ಭಾರತದ ಹಳೆಯ ಲಿಪಿಯಲ್ಲಿ ಬೀಜಾಕ್ಷರ ಬರೆದಿರುತ್ತಾರೆ. ನನಗೆ ಓದಲು ಬರಲಿಲ್ಲ, ಆದರೆ ಪರದೇಶದ್ದು ಅಂತ ಅನ್ನಿಸಲೇ ಇಲ್ಲ.

ಆಮೇಲೆ ಓಕುನೋಯಿನ್‌ಗೆ ಹೋದೆವು. ಎರಡು ಲಕ್ಷಕ್ಕೂ ಜಾಸ್ತಿ ಸಮಾಧಿಗಳಿರುವ ಕಾಡು, ಆಕಾಶ ಮುಟ್ಟುವ ದೇವದಾರು ಥರದ ಮರಗಳು, ತುದಿಯಲ್ಲಿ ಕೋಬೋ ದಾಯ್‌ಶಿ ಅವರ ಸ್ಥಾನ. ಅವರೇ ಕೂಕಾಯ್. 804ರಲ್ಲಿ ಚೀನಾಕ್ಕೆ ಹೋಗಿ ಮಂತ್ರವಿದ್ಯೆ ಕಲಿತು ಬಂದವರು, 816ರಲ್ಲಿ ಚಕ್ರವರ್ತಿಯಿಂದ ಈ ಬೆಟ್ಟ ಪಡೆದು ಮಠ ಕಟ್ಟಿದವರು. 835ರಲ್ಲಿ ಅವರು ತೀರಿಕೊಳ್ಳಲಿಲ್ಲ, ಧ್ಯಾನದಲ್ಲಿ ಕೂತರು, ಈಗಲೂ ಕೂತಿದ್ದಾರೆ ಅಂತ ಅಲ್ಲಿಯವರ ನಂಬಿಕೆ. ನಮ್ಮ ರಾಯರ ಬೃಂದಾವನದ ಹಾಗೆ. ಅತ್ತೆಗೆ ಇದನ್ನು ಹೇಳು, ಅವರಿಗೆ ತಕ್ಷಣ ಅರ್ಥ ಆಗುತ್ತದೆ. ಇವತ್ತಿಗೂ ದಿನಕ್ಕೆ ಎರಡು ಸಲ, ಬೆಳಿಗ್ಗೆ 6ಕ್ಕೆ ಮತ್ತು ಹತ್ತೂವರೆಗೆ, ಮರದ ಪೆಟ್ಟಿಗೆಯಲ್ಲಿ ಅವರಿಗೆ ಊಟ ಹೊತ್ತುಕೊಂಡು ಹೋಗುತ್ತಾರೆ. ನಾವು ನೋಡಿದೆವು. ದೊಡ್ಡಪ್ಪ ಆ ಪೆಟ್ಟಿಗೆ ಹೋಗುವುದನ್ನು ನೋಡಿ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಹೇಳಿದರು, ಗುರುಗಳ ಊಟ ಸಾವಿರ ವರ್ಷದಿಂದ ಹೊತ್ತಿಗೆ ಸರಿಯಾಗಿ ಹೋಗುತ್ತಿರುವ ಊರಿಗೆ ನಾವು ಎರಡು ಗಂಟೆ ತಡವಾಗಿ ಊಟಕ್ಕೆ ಹೋದೆವಲ್ಲೇ, ಅಂತ. ಊರಿಗೆ ಬಂದ ಮೇಲೆ ಇಂಗ್ಲಿಷ್‌ನಲ್ಲಿ ಒಂದು ಕ್ಷಮೆ ಪತ್ರ ಬರೆದು ಪೋಸ್ಟ್ ಮಾಡಿದರು. ಕೊನೆಯವರೆಗೂ ಆ ಹುಡುಗನ ಮಾತು ಆಡುತ್ತಿದ್ದರು.

ಅದಕ್ಕೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. 5 ಗಂಟೆಯೊಳಗೆ ಬಾಗಿಲಲ್ಲಿ ಇರಿ. ಆ ದಿನ ಬೇರೆ ಯಾವ ಊರನ್ನೂ ಇಟ್ಟುಕೊಳ್ಳಬೇಡಿ. ನಿನ್ನ ಯಜಮಾನನಿಗೆ ಫೋಟೋ ಹುಚ್ಚು ಇದೆ, ಇನ್ನೊಂದು ಜಾಗ ನೋಡಿಕೊಂಡು ಹೋಗೋಣ ಅಂತ ಎಳೆಯುತ್ತಾನೆ, ಒಪ್ಪಬೇಡ.

ಈಗ ನೀವೆಲ್ಲ ಜಪಾನ್ ಜಪಾನ್ ಅನ್ನುತ್ತೀರಿ, ಸಂತೋಷ. ಆದರೆ ನಾವು ಹೋಗಿ ಬಂದಾಗ ಈ ಮನೆಯವರು ಹೇಗೆ ಮಾತಾಡಿದಿರಿ ಅಂತ ನಾನು ಮರೆತಿಲ್ಲ. ಸಂಕ್ರಾಂತಿಗೆ ಮಲ್ಲೇಶ್ವರಂ ಮನೆಯಲ್ಲಿ ಎಲ್ಲರೂ ಸೇರಿದ್ದಾಗ, ತಲೆಗೆ ಹತ್ತು ಸಾವಿರ ಯೆನ್‌ಗೂ ಜಾಸ್ತಿ ಕೊಟ್ಟು ನೆಲದ ಮೇಲೆ ಮಲಗಿ ಸೊಪ್ಪು ತಿಂದು ಬಂದರಾ ಅಂತ ಕೇಳಿದವರು ಈ ಗ್ರೂಪಿನಲ್ಲೇ ಇದ್ದಾರೆ. ನಾನು ಬೆಟ್ಟದ ಮೇಲಿನ ಅಂಗಡಿಯಿಂದ ಮನೆಗೊಂದರ ಹಾಗೆ ಊದುಬತ್ತಿ ಪೆಟ್ಟಿಗೆ ತಂದಿದ್ದೆ. ಮೈಸೂರಿನವರಿಗೆ ಜಪಾನಿನಿಂದ ಊದುಬತ್ತಿಯಾ ಅಂತ ಭಾವ ನಕ್ಕರು. ಎಲ್ಲರೂ ನಕ್ಕಿರಿ. ನಿಮ್ಮ ದೊಡ್ಡಪ್ಪನ ಮುಖ ಸಣ್ಣದಾಯಿತು, ಅದನ್ನು ಯಾರೂ ನೋಡಲಿಲ್ಲ, ನಾನು ನೋಡಿದೆ.

ಅವರ ಊದುಬತ್ತಿಯ ಒಳಗೆ ಬಿದಿರು ಕಡ್ಡಿ ಇರುವುದಿಲ್ಲ, ಪೂರ್ತಿ ಸುಗಂಧವೇ ಉರಿಯುತ್ತದೆ, ಹೊಗೆಯ ವಾಸನೆಯೇ ಬೇರೆ. ಆ ಅಂಗಡಿಯ ಮುದುಕಿ ನಾವು ಎಲ್ಲಿಯವರು ಅಂತ ಕೇಳಿ, ಕರ್ನಾಟಕ, ಮೈಸೂರು ಅಂದ ಕೂಡಲೇ ಒಳಗಿನಿಂದ ಒಂದು ಗಂಧದ ಚಕ್ಕೆ ತಂದು ನನ್ನ ಅಂಗೈಯಲ್ಲಿ ಇಟ್ಟು, ಮೈಸೂರು ಮೈಸೂರು ಅಂತ ಎರಡು ಸಲ ಹೇಳಿದರು. ನಮ್ಮ ಗಂಧಕ್ಕೆ ಅಲ್ಲಿ ಅಷ್ಟು ಮರ್ಯಾದೆ. ಅದನ್ನು ಹೇಳೋಣ ಅಂತ ಎಷ್ಟು ಆಸೆಯಿಂದ ಬಂದಿದ್ದೆ, ಆ ನಗುವಿನಲ್ಲಿ ಹೇಳಲೇ ಇಲ್ಲ. ಇವತ್ತೇ ಹೇಳುತ್ತಿರುವುದು. ಮಲ್ಲೇಶ್ವರಂ ಮನೆಯ ಷೋಕೇಸ್‌ನಲ್ಲಿ ಆ ಪೆಟ್ಟಿಗೆ ಇನ್ನೂ ಒಡೆಯದೆ ಕೂತಿದೆ. ಅಕ್ಕಾ, ಕೇಳಿಸಿಕೊಳ್ಳುತ್ತಿದ್ದೀಯಾ? ಈ ಸಲ ಅವರ ತಿಥಿಗಾದರೂ ಒಂದು ಹಚ್ಚು.

ಸರಿ. ಏನು ಹೇಳಲು ಹೊರಟಿದ್ದೆ. ಹಾಂ, ಸ್ನಾನ. ನೀನು ಕೇಳಿದ್ದೇ ಅದು ಅಲ್ವಾ.

ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಇರುತ್ತದೆ, ಅದಕ್ಕೆ ಹೆದರಬೇಡಿ. ಬಟ್ಟೆ ಹಾಕಿಕೊಂಡು ನೀರಿಗೆ ಇಳಿಯುವ ಹಾಗಿಲ್ಲ, ಅದು ನಿಜ. ಮೊದಲು ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಾಕಿ ಮೈ ಪೂರ್ತಿ ತೊಳೆದುಕೊಂಡು, ಆಮೇಲೆ ತೊಟ್ಟಿಗೆ ಇಳಿಯಬೇಕು. ತೊಟ್ಟಿಯೊಳಗೆ ಸೋಪು, ಟವೆಲ್ ಏನೂ ಬೇಡ, ಕೂದಲು ಮೇಲೆ ಕಟ್ಟಿಕೊಳ್ಳಬೇಕು. ಎಲ್ಲರಿಗೂ ಅದೇ ನೀರು, ಮುಗಿದ ಮೇಲೆ ತೊಟ್ಟಿ ಖಾಲಿ ಮಾಡಬೇಡಿ. ನೀರು ತುಂಬಾ ಬಿಸಿ, ಅತ್ತೆಗೆ ಬಿ.ಪಿ. ಇದೆಯಲ್ಲ, ಎರಡು ನಿಮಿಷ ಸಾಕು. ಯಾರೂ ಯಾರನ್ನೂ ನೋಡುವುದಿಲ್ಲ, ಅಷ್ಟು ಸಂಕೋಚ ಅವರಿಗೂ ಇದೆ. ಅಷ್ಟಾಗಿಯೂ ಅತ್ತೆಗೆ ಬೇಡ ಅನ್ನಿಸಿದರೆ ಬಿಡಲಿ, ಯಾರೂ ಬಲವಂತ ಮಾಡುವುದಿಲ್ಲ. ಕೆಲವು ದೇವಸ್ಥಾನಗಳಲ್ಲಿ ಕೋಣೆಗೇ ಬಾತ್‌ರೂಮ್ ಇರುತ್ತದೆ. ಇವತ್ತೇ ಇಮೇಲ್ ಮಾಡಿ ಕೇಳು.

ಅದೇ ಇಮೇಲ್‌ನಲ್ಲಿ ಅತ್ತೆಯ ಮಂಡಿ ನೋವಿನ ವಿಷಯ ಬರೆ, ಕೂರಲು ಪುಟ್ಟ ಕುರ್ಚಿ ಕೇಳು. ಊಟದ ಚಿಂತೆ ಬೆಟ್ಟದ ಮೇಲೆ ಬೇಡ. ಅದು ಶೋಜಿನ್ ಅಡುಗೆ, ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಸಾರಿನ ರುಚಿ ಕೊಂಬು ಅನ್ನುವ ಸಮುದ್ರದ ಸೊಪ್ಪಿನಿಂದ, ಒಣ ಅಣಬೆಯಿಂದ ಬರುತ್ತದೆ. ಚಿಂತೆ ಮಾಡಬೇಕಾದ್ದು ಕೆಳಗಿನ ಊರುಗಳಲ್ಲಿ. ಉದೋನ್, ಸೋಬಾ ಅನ್ನುವ ನೂಡಲ್ಸ್, ಮಿಸೋ ಸಾರು ನೋಡಲು ಸಸ್ಯಾಹಾರವೇ, ಆದರೆ ದಾಶಿ ಅಂತ ಒಣಗಿಸಿದ ಮೀನಿನ ತಿಳಿ ಹಾಕಿರುತ್ತಾರೆ. ತರಕಾರಿ ಮಾತ್ರ ಅಂದರೆ ಸಾಲದು, ದಾಶಿಯಲ್ಲಿ ಮೀನು ಇದೆಯಾ ಅಂತಲೇ ಕೇಳಿ. ಅತ್ತೆಗೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಡು.

ಮಲಗಲು ಕೊಡುವ ಯುಕಾತ ಅನ್ನುವ ನಿಲುವಂಗಿಯಲ್ಲಿ ಎಡಗಡೆ ಅಂಚು ಮೇಲೆ ಬರಬೇಕು. ಬಲಗಡೆ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಪದ್ಧತಿ, ಅತ್ತೆಗೆ ನೀನೇ ಕಟ್ಟು. ಶೌಚಾಲಯದ ಚಪ್ಪಲಿ ಬೇರೆ, ಅಲ್ಲೇ ಬಿಟ್ಟು ಬನ್ನಿ. ಸ್ವೆಟರ್, ಉಣ್ಣೆ ಕಾಲುಚೀಲ ಮರೆಯಬೇಡಿ, ಏಪ್ರಿಲ್‌ನಲ್ಲೂ ಬೆಟ್ಟದ ಮೇಲೆ ರಾತ್ರಿ ಚಳಿಯೇ.

ದೊಡ್ಡ ಸೂಟ್‌ಕೇಸ್ ಬೆಟ್ಟಕ್ಕೆ ಒಯ್ಯಲೇಬೇಡಿ. ಹಿಂದಿನ ಹೋಟೆಲಿನಲ್ಲೇ ತಕ್ಯೂಬಿನ್ ಅಂದರೆ ಸಾಕು, ಮುಂದಿನ ಹೋಟೆಲಿಗೆ ಅವರೇ ಕಳಿಸುತ್ತಾರೆ, ಸಾಮಾನ್ಯವಾಗಿ ಮರುದಿನ ಮುಟ್ಟುತ್ತದೆ. ಒಂದು ರಾತ್ರಿಯ ಬಟ್ಟೆ ಮಾತ್ರ ಕೈಚೀಲದಲ್ಲಿ ಹಿಡಿದುಕೊಳ್ಳಿ. ನಾವು ಇದನ್ನು ಮಾಡಿದ್ದಿದ್ದರೆ ಹಾಶಿಮೋತೋದಲ್ಲಿ ಆ ರೈಲು ಸಿಕ್ಕಿರುತ್ತಿತ್ತು. ನಾಂಬಾದಿಂದ ಮಧ್ಯಾಹ್ನ 12ರೊಳಗೆ ಹೊರಡಿ. ಎರಡೂವರೆ ಹೊತ್ತಿಗೆಲ್ಲ ಮೇಲಿರುತ್ತೀರಿ, ಚೀಲ ದೇವಸ್ಥಾನದಲ್ಲಿ ಇಟ್ಟು ನಿಧಾನಕ್ಕೆ ಸುತ್ತಾಡಬಹುದು. ಬಸ್ಸು ಹೋಗುವ ದಾರಿಯಲ್ಲಿ ನ್ಯೋನಿನ್‌ದೋ ಅಂತ ಒಂದು ಪುಟ್ಟ ಗುಡಿ ಸಿಗುತ್ತದೆ. 1872ರಲ್ಲಿ ಸರಕಾರ ನಿಷೇಧ ತೆಗೆಯುವ ತನಕ ಹೆಂಗಸರು ಅಲ್ಲಿಂದ ಒಳಗೆ ಹೋಗುವ ಹಾಗಿರಲಿಲ್ಲ, ಅಲ್ಲೇ ನಿಂತು ಕೈಮುಗಿದು ಹೋಗುತ್ತಿದ್ದರು. ಅತ್ತೆಯನ್ನು ಅಲ್ಲಿಗೆ ಒಂದು ಸಲ ಕರೆದುಕೊಂಡು ಹೋಗು.

ಯಾವ ದೇವಸ್ಥಾನ ಬುಕ್ ಮಾಡಿದ್ದೀಯ ಅಂತ ನನಗೆ ಒಬ್ಬಳಿಗೇ ಕಳಿಸು. ನಾವು ಇದ್ದ ದೇವಸ್ಥಾನವೇ ಆಗಿದ್ದರೆ ದೊಡ್ಡಪ್ಪನ ಫೋಟೋ ಒಂದು ಕೊಡುತ್ತೇನೆ, ಆ ಹುಡುಗ ಇನ್ನೂ ಅಲ್ಲಿದ್ದರೆ ತೋರಿಸು. ಬರುವಾಗ ಊದುಬತ್ತಿ ತಾ. ನನಗೆ ಎರಡು ಪೆಟ್ಟಿಗೆ ಸಾಕು.