ಡಿಪ್ಲೊಮಾದಲ್ಲಿ ಪೈಥಾನ್, ಈಗ ಮೂರನೇ ಸೆಮ್‌ಗೆ ಸಿ: ಕಾವೇರಮ್ಮನ ಕಿಲೋ ಮೈನಸ್ ಯಾಕೆ ಬಂತು?

ಸುಂಟಿಕೊಪ್ಪದವನು:

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪ್ರಶ್ನೆ ಅರ್ಥ ಆಗಲ್ಲ.

ಊರು ಸುಂಟಿಕೊಪ್ಪದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ. ಈ ವರ್ಷ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರವಾಗಿ, ಬಿಇ ಎರಡನೇ ವರ್ಷಕ್ಕೆ ಸೇರಿದೆ. ಸೀಟು ಸಿಕ್ಕಿ ಕ್ಲಾಸಿಗೆ ಹೋಗುವಷ್ಟರಲ್ಲಿ ಮೂರನೇ ಸೆಮ್ ಶುರುವಾಗಿ ಮೂರು ವಾರ ಆಗಿತ್ತು.

ಅಪ್ಪ ಕಾಫಿ ತೋಟದಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ರೋಬಸ್ಟಾ ಕೊಯ್ಲು ಬಂದರೆ ಸಂಜೆ ತೂಕದ ಹತ್ತಿರ ನಾನೂ ನಿಲ್ಲುತ್ತೇನೆ. ಒಬ್ಬೊಬ್ಬರೇ ಚೀಲ ತಂದು ಇಡುತ್ತಾರೆ, ಅಪ್ಪ ಕಿಲೋ ಕೂಗುತ್ತಾರೆ, ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಕಿಲೋ ಲೆಕ್ಕದ ಕೂಲಿ. ಒಂದು ಕಿಲೋ ಹೆಚ್ಚುಕಮ್ಮಿ ಆದರೂ ಮರುದಿನ ಬೆಳಿಗ್ಗೆ ಮನೆ ಬಾಗಿಲಿಗೆ ಬರುತ್ತಾರೆ. ಡಿಪ್ಲೊಮಾದಲ್ಲಿದ್ದಾಗ ಈ ಲೆಕ್ಕವನ್ನೇ ಪೈಥಾನ್‌ನಲ್ಲಿ ಬರೆದಿದ್ದೆ. ಹೆಸರೆಲ್ಲ ಕನ್ನಡದಲ್ಲೇ. ಹೆಸರು ಕೊಟ್ಟರೆ ಡಿಕ್ಷನರಿ ಕಿಲೋ ಕೊಡುತ್ತಿತ್ತು. ಅಪ್ಪ ಎರಡು ವಾರ ಪುಸ್ತಕದ ಜೊತೆ ತಾಳೆ ನೋಡಿ, ಆಮೇಲೆ ನಂಬಿದರು.

ಈಗ ಬಿಇಯಲ್ಲಿ ಡೇಟಾ ಸ್ಟ್ರಕ್ಚರ್ ಪೂರ್ತಿ ಸಿ ಭಾಷೆಯಲ್ಲಿ. ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್ ನನಗೆ ಹೊಸದಲ್ಲ, ಪೈಥಾನ್‌ನಲ್ಲಿ ಎಲ್ಲ ಮಾಡಿದ್ದೇನೆ. ಸಿ ಮಾತ್ರ ಮುಟ್ಟಿಯೇ ಇಲ್ಲ. ಉಳಿದವರು ಮೊದಲ ವರ್ಷವೇ ಕಲಿತಿದ್ದಾರೆ. ಲ್ಯಾಬಿನಲ್ಲಿ ‘ಡಿಪ್ಲೊಮಾ ಮಾಡಿ ಇಷ್ಟೂ ಬರಲ್ವಾ’ ಅಂತ ಒಂದು ಮಾತು ಬಂತು. ಕುಶಾಲನಗರದಿಂದ ಬಸ್ಸಲ್ಲಿ ಮನೆ ಮುಟ್ಟುವವರೆಗೂ ಅದೇ ಕೊರೆಯುತ್ತಿತ್ತು.

ತೀರ್ಥೋದ್ಭವದ ರಜೆ ದಿನ ಹಠಕ್ಕೆ ಕೂತು ಹಳೇ ತೂಕದ ಪ್ರೋಗ್ರಾಮನ್ನೇ ಸಿನಲ್ಲಿ ಬರೆದೆ. ಸ್ಟ್ರಕ್ಟ್‌ನಲ್ಲಿ (ಒಬ್ಬರ ವಿವರವೆಲ್ಲ ಒಟ್ಟಿಗಿಡುವ ಕಟ್ಟು) ಮೊದಲು ಹೆಸರಿಗೆ 20ರ ಕ್ಯಾರೆಕ್ಟರ್ ಅರೇ (ಅಕ್ಷರ ಇಡುವ 20 ಖಾನೆ), ನಂತರ ಕಿಲೋಗೆ ಒಂದು ಇಂಟ್ (ಪೂರ್ಣಾಂಕ), ಕೊನೆಗೆ ನೆಕ್ಸ್ಟ್ ಪಾಯಿಂಟರ್ (ಮುಂದಿನವರ ವಿವರ ಇರುವ ವಿಳಾಸ). ತುಂಬುವಾಗ ಮೊದಲು ಕಿಲೋ, ಆಮೇಲೆ ಸ್ಟ್ರಿಂಗ್ ಕಾಪಿಯಿಂದ ಹೆಸರು, ಕೊನೆಗೆ ನೆಕ್ಸ್ಟ್. ಬಾಯಿಗೆ ಬಂದ ಮೂರು ಹೆಸರು ಹಾಕಿ ಓಡಿಸಿದೆ:

ರಾಜು 71
ಲಲಿತಾ 62
ಕಾವೇರಮ್ಮ -1364008819

ಕಾವೇರಮ್ಮನಿಗೆ ನಾನು ಕೊಟ್ಟಿದ್ದು 84. ಎಷ್ಟು ಸಲ ಓಡಿಸಿದರೂ ಅದೇ ನಂಬರ್. ಹೆಸರು ಮಾತ್ರ ಸರಿಯಾಗಿ ಬರುತ್ತಿದೆ. ನಾಲ್ಕೇ ಅಕ್ಷರ ಅಲ್ವಾ, 20 ಸಾಲದಾ?

ಇನ್ನೆರಡು ಪ್ರಶ್ನೆ. ಒಂದು ತಿಂಗಳು ಸಿ ಮಾತ್ರ ಕಲಿತು ಆಮೇಲೆ ಡೇಟಾ ಸ್ಟ್ರಕ್ಚರ್ ಹಿಡಿಯಲಾ, ಅಥವಾ ಕ್ಲಾಸಿನ ಜೊತೆಗೇ ಹೋಗಲಾ? ಮೊದಲ ವರ್ಷದ ಗಣಿತ ಓದಿಲ್ಲ, ಅದಕ್ಕೇನು ಮಾಡೋದು?

---

ಹಳೇ_ಕೋಡಿಗ:

ತಮ್ಮಾ, ನಿನ್ನ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರ್ ಕಾಗುಣಿತ ಬಿಡಿಸಿ ಇಟ್ಟುಕೊಳ್ಳುತ್ತೆ. ಕ, ಇಳಿ, ವ, ಏತ್ವದ ದೀರ್ಘ, ರ, ಮ, ಹಲಂತ, ಮತ್ತೊಂದು ಮ. ಒಟ್ಟು 8. ಪೈಥಾನ್‌ನಲ್ಲಿ ಉದ್ದ ಕೇಳಿದ್ದರೂ 8 ಅಂತಲೇ ಹೇಳುತ್ತಿತ್ತು. ಯುಟಿಎಫ್-8ರಲ್ಲಿ (ಅಕ್ಷರಗಳನ್ನ ಬೈಟ್ ಆಗಿ ಇಡೋ ಕ್ರಮ) ಕನ್ನಡದ ಒಂದೊಂದಕ್ಕೂ 3 ಬೈಟ್. ಅಲ್ಲಿಗೆ 24. ಸ್ಟ್ರಿಂಗ್ ಮುಗೀತು ಅಂತ ಹೇಳೋಕೆ ಕೊನೆಗೊಂದು ಸೊನ್ನೆ, 25. ನೀನು ಕೊಟ್ಟ ಜಾಗ 20.

ಉಳಿದ 5 ಬೈಟ್ ಎಲ್ಲಿಗೆ ಹೋಯ್ತು? ಪಕ್ಕದಲ್ಲಿ ಕಿಲೋ ಕೂತಿತ್ತಲ್ಲ, 4 ಬೈಟ್ ಅದರ ಮೇಲೆ ಹೋಗಿ ಕೂತವು. ಹಲಂತದ ಕೊನೆಯ ಬೈಟ್ ಒಂದು, ‘ಮ’ದ ಮೂರು. ಆ ನಾಲ್ಕನ್ನು ಇಂಟ್ ಅಂತ ಓದಿದರೆ ಬರೋದೇ -1364008819. ಕಾಗದದ ಮೇಲೆ ಕೂಡಿ ನೋಡಿದೆ, ಸರಿಯಾಗಿ ಬಂತು. ಅದಕ್ಕೇ ಪ್ರತಿ ಸಲ ಅದೇ ನಂಬರ್. ಹೆಸರಿನ ಬಾಲ ಕಿಲೋ ಜಾಗದಲ್ಲೇ ಉಳಿದಿದೆ, ಹಾಗಾಗಿ ಹೆಸರು ಸರಿಯಾಗಿ ಕಾಣುತ್ತೆ. ಐದನೇ ಬೈಟ್ ನೆಕ್ಸ್ಟ್ ಮೇಲೆ ಬಿದ್ದಿತ್ತು. ಅದನ್ನು ನೀನು ಆಮೇಲೆ ತುಂಬಿದ್ದರಿಂದ ಬಚಾವ್.

ರಾಜುಗೆ 13 ಬೈಟ್, ಲಲಿತಾಗೆ 16. ಇಬ್ಬರೂ 20ರ ಒಳಗೆ. ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ (ಅಲ್ಲಿ ಒಂದಕ್ಕೆ ಒಂದೇ ಬೈಟ್) ಹಾಕಿದ್ದರೆ ಈ ತಪ್ಪು ಪರೀಕ್ಷೆ ಮುಗಿದರೂ ಸಿಗುತ್ತಿರಲಿಲ್ಲ. ಮೊದಲ ವರ್ಷವೇ ಸಿ ಕಲಿತವರಲ್ಲಿ ಎಷ್ಟು ಜನ ಇದನ್ನ ನೋಡಿದ್ದಾರೆ ಕೇಳು.

---

ಗೋಣಿಕೊಪ್ಪ_ಬಾಯ್:

ಇಷ್ಟು ಉದ್ದ ಯಾಕೆ? ಅರೇ 20 ಇದ್ದಿದ್ದನ್ನ 100 ಮಾಡಿ. ಮುಗೀತು.

---

ಹಳೇ_ಕೋಡಿಗ:

100 ಮಾಡಿದರೆ ಈ ಮೂವರಿಗೆ ಸಾಕು. ಮನೆ ಹೆಸರು, ಅಪ್ಪನ ಹೆಸರು ಸೇರಿಸಿ ಬರೆದರೆ? 34ನೇ ಚಿಹ್ನೆಗೆ ಮತ್ತೆ ಅದೇ ಕಥೆ. ಉದ್ದ ಮಿತಿ ಹಾಕಿ ಕಾಪಿ ಮಾಡಿದರೆ ಕಿಲೋ ಉಳಿಯುತ್ತೆ, ಹೆಸರು ಹೋಗುತ್ತೆ. 20ಕ್ಕೆ ಕತ್ತರಿಸಿದರೆ ‘ಕಾವೇರಮ’ ಅಂತ ಬಂದು ಪಕ್ಕದಲ್ಲಿ ಒಂದು ಮುರುಕಲು ಡಬ್ಬಿ ಕಾಣುತ್ತೆ.

ತಮ್ಮಾ, ಹೆಸರನ್ನ ಪಾಯಿಂಟರ್ ಮಾಡು. ಸ್ಟ್ರಿಂಗಿನ ಉದ್ದಕ್ಕೆ ಒಂದು ಸೇರಿಸಿ ಅಷ್ಟಕ್ಕೆ ಮ್ಯಾಲಕ್ ಮಾಡು, ಅಂದರೆ ಅಷ್ಟೇ ಮೆಮೊರಿ ಕೇಳಿ ತಗೋ. ವಾಲ್‌ಗ್ರಿಂಡ್ (ಮೆಮೊರಿ ತಪ್ಪು ಹುಡುಕೋ ಟೂಲ್) ಗೊತ್ತಿಲ್ಲದಿದ್ದರೆ ಈಗಲೇ ಹಾಕಿಕೋ. ನಿನ್ನ ಈ ತಪ್ಪು ಅದಕ್ಕೂ ಸಿಗುತ್ತಿರಲಿಲ್ಲ, ಯಾಕಂದ್ರೆ ತುಳುಕಿದ್ದು ಅದೇ ಸ್ಟ್ರಕ್ಟಿನ ಒಳಗೆ. ಆದರೆ ಮುಂದೆ ಮಾಡೋ ಮೆಮೊರಿ ತಪ್ಪು ಎಷ್ಟೋ ಸಿಗುತ್ತೆ.

---

ಲ್ಯಾಟರಲ್_ಅಕ್ಕ:

ನಾನೂ ಡಿಪ್ಲೊಮಾದಿಂದಲೇ ಬಂದವಳು. ಒಂದು ತಿಂಗಳು ಸಿ ಮಾತ್ರ ಅಂತ ಕೂತಿದ್ದೆ. ಆ ತಿಂಗಳಲ್ಲಿ ಕ್ಲಾಸು ಟ್ರೀವರೆಗೆ ಹೋಗಿತ್ತು, ನಾನಿನ್ನೂ ಫಾರ್ ಲೂಪ್‌ನಲ್ಲಿದ್ದೆ. ಹಾಗೆ ಮಾಡಬೇಡಿ. ಲಿಂಕ್ಡ್ ಲಿಸ್ಟ್ ಹೇಗೆ ಓಡುತ್ತೆ ಅಂತ ನಿಮಗಾಗಲೇ ಗೊತ್ತು. ಕಲಿಯಬೇಕಾದ್ದು ಪಾಯಿಂಟರ್, ಅರೇ, ಸ್ಟ್ರಕ್ಟ್, ಮ್ಯಾಲಕ್, ಫ್ರೀ (ತಗೊಂಡ ಮೆಮೊರಿ ವಾಪಸ್ ಕೊಡೋದು) ಇಷ್ಟೇ. ಪೈಥಾನ್‌ನಲ್ಲಿ ಮಾಡಿದ ಒಂದೊಂದೇ ಪ್ರೋಗ್ರಾಮನ್ನ ಸಿಗೆ ತನ್ನಿ, ಈಗ ಮಾಡಿದ್ದೀರಲ್ಲ ಹಾಗೇ.

‘ಪೈಥಾನ್ ಟ್ಯೂಟರ್’ ಅಂತ ಒಂದು ಸೈಟ್ ಇದೆ. ಹೆಸರು ಹಾಗಿದ್ದರೂ ಸಿ ಕೋಡನ್ನೂ ಹಾಕಬಹುದು. ಒಂದೊಂದು ಸಾಲಿಗೂ ಯಾವ ಪಾಯಿಂಟರ್ ಎಲ್ಲಿಗೆ ತೋರಿಸುತ್ತಿದೆ ಅಂತ ಬಾಣ ಹಾಕಿ ತೋರಿಸುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಮೊಬೈಲಿಗೆ ಟರ್ಮಕ್ಸ್ ಅನ್ನೋ ಆ್ಯಪ್ ಹಾಕಿ, ಅದರಲ್ಲಿ ಕ್ಲ್ಯಾಂಗ್ ಅನ್ನೋ ಸಿ ಕಂಪೈಲರ್ ಇನ್‌ಸ್ಟಾಲ್ ಮಾಡಿಕೊಳ್ಳಿ. ಲ್ಯಾಪ್‌ಟಾಪ್ ಸತ್ತರೂ, ನೆಟ್ ಹೋದರೂ ಕಂಪೈಲ್ ಆಗುತ್ತೆ. ನನ್ನ ಅರ್ಧ ಲ್ಯಾಬ್ ರೆಕಾರ್ಡ್ ಹಾಗೇ ಮುಗಿದಿದ್ದು.

ಗಣಿತಕ್ಕೆ ಹೆದರಬೇಡಿ. ನಮಗೆ ಮೂರನೇ ಸೆಮ್‌ನಲ್ಲಿ ಪ್ರಾಬಬಿಲಿಟಿಯೇ ಜಾಸ್ತಿ ಇತ್ತು. ಇಂಟಿಗ್ರೇಷನ್ ಸ್ವಲ್ಪ ತಿರುವಿ ಹಾಕಿ, ಸಾಕು.

ಲ್ಯಾಬಿನಲ್ಲಿ ಕೇಳಿದ ಮಾತು ನಾನೂ ಕೇಳಿದ್ದೇನೆ. ಇಂಟರ್ನಲ್ಸ್ ಮಾರ್ಕ್ಸ್ ಬಂದ ಮೇಲೆ ನಿಂತಿತು.

---

ಸುಂಟಿಕೊಪ್ಪದವನು:

ಅಣ್ಣ, ಅಕ್ಕ, ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮ್ಯಾಲಕ್ ಹಾಕಿ ಬರೆದೆ. ಕಾವೇರಮ್ಮ 84. ಅಪ್ಪನಿಗೆ ತೋರಿಸಿದೆ. ‘ಮುಂಚಿನದ್ದರಲ್ಲೂ ಸರಿಯಾಗೇ ಬರ್ತಿತ್ತಲ್ಲೋ, ಮತ್ತೆ ಯಾಕೆ ಬರೆದೆ’ ಅಂದರು. ಏನು ಹೇಳೋದು ಅಂತ ಗೊತ್ತಾಗಲಿಲ್ಲ.

ವಾಲ್‌ಗ್ರಿಂಡ್ ಕೂಡ ಓಡಿಸಿದೆ. 3 ಬ್ಲಾಕ್‌ನಲ್ಲಿ 54 ಬೈಟ್ ಕಳೆದುಹೋಗಿದೆ ಅಂತಿದೆ. ಮೊದಲು ಗಾಬರಿ ಆಯ್ತು. ಆಮೇಲೆ ಅಣ್ಣ ಹೇಳಿದ ಲೆಕ್ಕ ನೆನಪಾಯ್ತು. ರಾಜು 13, ಲಲಿತಾ 16, ಕಾವೇರಮ್ಮ 25. ಕೂಡಿದರೆ ಸರಿಯಾಗಿ 54! ಫ್ರೀ ಎಲ್ಲಿ ಬಿಟ್ಟಿದ್ದೇನೆ ಅಂತ ಯಾರೂ ಹೇಳಬೇಡಿ, ನಾನೇ ಹುಡುಕುತ್ತೇನೆ.