ಪದಚರ್ಚೆ: ಗೆತ್ಸೆಮನೆಯ ‘ಎಚ್ಚರ’ – ಎಚ್ಚರಿಕೆಯೋ, ಜಾಗರಣೆಯೋ?

ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ಪವಿತ್ರ ಗುರುವಾರದ (ಈಸ್ಟರಿಗೆ ಮುಂಚಿನ ಗುರುವಾರದ) ರಾತ್ರಿ ನಮ್ಮ ಚರ್ಚಿನಲ್ಲಿ ಸರದಿಯ ಮೇಲೆ ಒಂದೊಂದು ಗಂಟೆ ಕೂತು ಪ್ರಾರ್ಥಿಸುತ್ತೇವೆ. ಬಾಗಿಲಿಗೆ ಕಟ್ಟುವ ಬ್ಯಾನರು ಇವತ್ತು ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಒಬ್ಬರು ‘ಎಚ್ಚರಿಕೆ! ಪ್ರಾರ್ಥಿಸಿ’ ಎಂದು ಕೆಂಪಕ್ಷರದಲ್ಲಿ ಮಾಡಿಸಿ ತಂದಿದ್ದಾರೆ. ಟ್ರಾನ್ಸ್‌ಫಾರ್ಮರ್ ಕಂಬದ ಬೋರ್ಡಿನ ಹಾಗಿದೆ. ಹೆದರಿಸುವುದು ನಮ್ಮ ಉದ್ದೇಶವಲ್ಲ. ಬೈಬಲಿನ ಮತ್ತಾಯ 26:41ರಲ್ಲಿ ಯೇಸು, ತನ್ನ ಬಂಧನಕ್ಕೆ ಮುಂಚೆ ಗೆತ್ಸೆಮನೆ ತೋಟದಲ್ಲಿ, ನಿದ್ದೆಹೋದ ಶಿಷ್ಯರಿಗೆ ಹೇಳುವ ಮಾತು ಇದು: ಶೋಧನೆಗೆ ಸಿಕ್ಕಿಬೀಳದ ಹಾಗೆ ಎಚ್ಚರವಾಗಿದ್ದು ಪ್ರಾರ್ಥಿಸಿರಿ. ಕಣ್ಣು ತೆರೆದಿದ್ದರೆ ಸಾಲದು, ಒಳಗೂ ಮಂಪರು ಹತ್ತಬಾರದು. ‘ಜಾಗೃತಿ’ ಅಂದರೆ ಡೆಂಗಿ ಅಭಿಯಾನವಾಗುತ್ತದೆ. ‘ಜಾಗರಣೆ’ ಆದೀತೇ?

—

ಜಾಗರಣೆ ಬೇಡ. ಶಿವರಾತ್ರಿಯದು ಎಂಬ ಕಾರಣಕ್ಕಲ್ಲ. ಅದು ಒಂದು ರಾತ್ರಿಯ ವ್ರತ, ಬೆಳಗಾದರೆ ಮುಗಿಯಿತು. ಈ ವಚನದ ಗ್ರೀಕ್ ಮೂಲದಲ್ಲಿರುವ ‘ಗ್ರೆಗೊರೆಯ್ತೆ’ (ಎಚ್ಚರವಾಗಿರಿ) ಹಾಗಲ್ಲ. ಸೈತಾನ ಗರ್ಜಿಸುವ ಸಿಂಹದಂತೆ ಸುತ್ತುತ್ತಿದ್ದಾನೆ ಎನ್ನುವ 1 ಪೇತ್ರ 5:8ರಲ್ಲೂ ಅದೇ ಧಾತು. ಅಲ್ಲಿ ರಾತ್ರಿಯ ಮಾತೇ ಇಲ್ಲ. ‘ಎಚ್ಚರ’ ಇದಕ್ಕೆ ಹೇಳಿ ಮಾಡಿಸಿದ ಪದ. ಹಳಗನ್ನಡದಲ್ಲಿ ಎೞ್ಚಱ್, ಭೂತಕಾಲದಲ್ಲಿ ಎೞ್ಚತ್ತು. ಅದರೊಳಗೆ ಏೞ್, ಅಂದರೆ ಎದ್ದೇಳು, ಕೂತಿದೆ. ಗ್ರೀಕ್ ಪದವೂ ‘ಎಬ್ಬಿಸು’ ಎಂಬ ‘ಎಗೆಯ್ರೊ’ದಿಂದಲೇ ಬಂದದ್ದು. ಲೂಕ 22:46ರಲ್ಲಂತೂ ಇದೇ ಸಂದರ್ಭಕ್ಕೆ ಎದ್ದು ಪ್ರಾರ್ಥಿಸಿ ಎಂದೇ ಇದೆ. ಅಚ್ಚಗನ್ನಡದ ಪದ ಕೈಯಲ್ಲಿರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ?

—

ಬ್ಯಾನರಿಗೆ ಎೞ್ಚಱ್ ಬೇಕಿಲ್ಲ. ತೊಡಕಿರುವುದು ವ್ಯಾಕರಣದಲ್ಲಿ. ‘ಎಚ್ಚರವಾಗಿದ್ದು ಪ್ರಾರ್ಥಿಸಿರಿ’ ಎಂದಾಗ ಆ ‘ಇದ್ದು’ ಎಚ್ಚರವನ್ನು ಷರತ್ತು ಮಾಡಿಬಿಡುತ್ತದೆ. ಎಚ್ಚರ ಇದ್ದವರಷ್ಟೇ ಪ್ರಾರ್ಥಿಸಬಲ್ಲರು ಎಂಬಂತೆ. ಮೂಲದಲ್ಲಿರುವುದು ಎರಡು ವಿಧಿರೂಪ (‘ಮಾಡಿರಿ’ ಎನ್ನುವಂಥ ಆಜ್ಞೆಯ ರೂಪ), ನಡುವೆ ಒಂದು ‘ಮತ್ತು’. ಪ್ರಾರ್ಥಿಸುತ್ತಿದ್ದರೇ ಎಚ್ಚರ ಉಳಿದೀತು ಎಂಬ ಅರ್ಥಕ್ಕೂ ಅಲ್ಲಿ ಜಾಗವಿದೆ.

ನಾನು ಬೆಳಗಿನ ಜಾವ ಮೂರರ ಸರದಿಯಲ್ಲಿ ಕೂತವಳು. ತೂಕಡಿಕೆ ಹತ್ತಿದಾಗ ಜಪಸರ ಬೆರಳಿನಿಂದ ಜಾರಿ ಬೆಂಚಿಗೆ ಟಕ್ಕೆಂದು ಬಡಿಯುತ್ತದೆ, ಎಚ್ಚರವಾಗುತ್ತದೆ. ಎಚ್ಚರವಿತ್ತೆಂದು ಜಪ ಮಾಡಿದ್ದಲ್ಲ, ಜಪ ಹಿಡಿದಿದ್ದಕ್ಕೆ ಎಚ್ಚರವಾಯಿತು. ಪ್ರಾರ್ಥನೆ ಯಾಕೆ ಬೇಕು ಎಂದು ಕೇಳುವ ಮಕ್ಕಳಿಗೆ ನಾನು ಕೊಡುವ ಉತ್ತರ ಇದೇ. ಹಾಗಾಗಿ ‘ಎಚ್ಚರವಾಗಿರಿ, ಪ್ರಾರ್ಥಿಸಿರಿ’ ಎಂದು ಬಿಡಿಸಿ ಬರೆಸಿ.

—

ಅಚ್ಚಗನ್ನಡ ಎಂದಮೇಲೆ ‘ಪ್ರಾರ್ಥಿಸಿರಿ’ ಏಕೆ? ‘ಮೊರೆಯಿಡಿ’ ಎನ್ನಿ.

—

ಒಪ್ಪುವುದಿಲ್ಲ. ಮೊರೆಯಿಡುವುದು ಕಷ್ಟಕ್ಕೆ. ಪ್ರಾರ್ಥನೆಯಲ್ಲಿ ಸ್ತುತಿಯೂ ಇದೆ, ಕೃತಜ್ಞತೆಯೂ ಇದೆ, ಬರೀ ಮೌನವೂ ಇದೆ. ಬಲಿಪೂಜೆ, ಜಪಸರ ನಮ್ಮ ಅಜ್ಜಿಯ ಬಾಯಲ್ಲಿ ಕನ್ನಡವೇ ಆಗಿದ್ದವು. ಹೀಬ್ರೂವಿನಿಂದ ಬಂದ ‘ಆಮೆನ್’ ಅನ್ನೂ ಹೊರಗಿಡುತ್ತೀರಾ? ಎರವಲು ಬಂದ ಪದವನ್ನು ಜನ ತಲೆಮಾರುಗಟ್ಟಲೆ ಮೊಣಕಾಲೂರಿ ಹೇಳಿದ ಮೇಲೆ ಅದು ಎರವಲಲ್ಲ.

—

‘ಜನ ಹೇಳಿದರು’ ಎಂಬುದು ವಾದವಲ್ಲ.

—

ಎಲ್ಲರಿಗೂ ನಮಸ್ಕಾರ. ‘ಎಚ್ಚರವಾಗಿರಿ, ಪ್ರಾರ್ಥಿಸಿರಿ’ ಎಂದೇ ಕಳಿಸಿದೆ, ಆಶ್ಚರ್ಯಸೂಚಕ ತೆಗೆಸಿ, ಕೆಂಪಿನ ಬದಲು ನೀಲಿ ಹಾಕಿಸಿ. ಜಪಸರದ ಮಾತು ಬರೆದ ಮೇಡಂಗೆ ವಿಶೇಷ ಧನ್ಯವಾದ. ಇನ್ನೊಂದು ಉಳಿದಿದೆ: ಅದೇ ವಚನದ ‘ಶೋಧನೆ’ಯನ್ನು ನಮ್ಮ ಯುವಕರು ಹುಡುಕಾಟ, ಸಂಶೋಧನೆ ಎಂದುಕೊಳ್ಳುತ್ತಾರೆ. ಅಂದು ರಾತ್ರಿ ಓದುವ ಹಾಳೆಯಲ್ಲಿ ‘ಪ್ರಲೋಭನೆ’ ಹಾಕಬಹುದೇ, ಅಥವಾ ‘ಪರೀಕ್ಷೆ’ಯೇ ಹತ್ತಿರವೇ? ಹಾಳೆಗೆ ಬುಧವಾರದವರೆಗೆ ಸಮಯವಿದೆ.