ತಮ್ಮ ಎಂಡಿಎಂಎ ತೆಗೆದುಕೊಳ್ಳುತ್ತಾನೆ, ಮಾತು ಹೇಗೆ ಶುರು ಮಾಡಲಿ?

ಬದಿಯಡ್ಕದ ಅಕ್ಕ ಒಬ್ಬರು ಕೇಳಿದ್ದು: ತಮ್ಮನಿಗೆ 22. ಮಂಗಳೂರಿನಲ್ಲಿ ಕೆಲಸ. ಮನೆಗೆ ಬಂದರೆ ರಾತ್ರಿಯಿಡೀ ನಿದ್ದೆ ಇಲ್ಲ, ಆಮೇಲೆ ಇಡೀ ದಿನ ಏಳುವುದಿಲ್ಲ. ಎಂಡಿಎಂಎ ಎಂಬ ಮಾದಕ ವಸ್ತು ತಗೊಳ್ತಾನೆ ಅಂತ ಅವನ ಗೆಳೆಯನೇ ಹೇಳಿದ. ಅಪ್ಪನಿಗೆ ಗೊತ್ತಿಲ್ಲ. ಪೊಲೀಸ್ ಕೇಸಿನ ಹೆದರಿಕೆ ಬೇರೆ.

ಉಪ್ಪಳದಿಂದ:
ಅಮಲಿನಲ್ಲಿ ಇರುವಾಗ ಮಾತೇ ಬೇಡ ಅಕ್ಕ. ಅಮಲು ಇಳಿದ ದಿನವೂ ಬೇಡ, ಆಗ ಮನಸ್ಸು ಕುಸಿದಿರುತ್ತದೆ, ಸಣ್ಣ ಮಾತಿಗೂ ಸಿಡಿಯುತ್ತಾರೆ. ಉಂಡು, ಮಲಗಿ ಎದ್ದು ಸರಿಯಾಗಲಿ. ನಾನು ಮೈದುನನ ಹತ್ತಿರ ಮಾತಾಡಿದ್ದು ಕಾರಿನಲ್ಲಿ, ತಲಪಾಡಿ ಕಡೆ ಹೋಗುವಾಗ. ಮುಖ ನೋಡಿಕೊಂಡು ಕೂರುವ ಕಷ್ಟ ಇಲ್ಲ ನೋಡಿ. "ತಗೊಳ್ತೀಯಾ?" ಅಂತ ಕೇಳಿದರೆ "ಇಲ್ಲ" ಅಂತಲೇ ಬರುತ್ತದೆ. ಹಾಗಾಗಿ ಕಣ್ಣಾರೆ ಕಂಡದ್ದು ಮಾತ್ರ ಹೇಳಿದೆ: "ನೀನು ಸರಿ ಊಟ ಮಾಡುವುದಿಲ್ಲ, ರಾತ್ರಿ ಮಲಗುವುದಿಲ್ಲ, ನನಗೆ ಹೆದರಿಕೆ ಆಗ್ತದೆ." ಆಮೇಲೆ ಸುಮ್ಮನಾದೆ. ಹೊಸಂಗಡಿ ದಾಟಿದ ಮೇಲೆ ಅವನೇ ಬಾಯಿಬಿಟ್ಟ: "ಬಿಡಬೇಕು ಅಂತ ಇದೆ ಅತ್ತಿಗೆ, ಆದ್ರೆ ಸುಮ್ನೆ ಕೂತರೆ ತಲೆ ಕೆಡ್ತದೆ." ಆವತ್ತಿಗೆ ಅಷ್ಟು ಸಾಕು ಅನ್ನಿಸಿತು, ಬೇರೆ ಏನೂ ಕೇಳಲಿಲ್ಲ.
ಇನ್ನೊಂದು, ಆಣೆ ಹಾಕಿಸಬೇಡಿ. ಧರ್ಮಸ್ಥಳದ ಆಣೆ, ಅಮ್ಮನ ತಲೆ ಮುಟ್ಟಿ ಆಣೆ, ನಮ್ಮ ಕಡೆ ಹಿರಿಯರಿಗೆ ಮೊದಲು ತೋಚುವುದೇ ಅದು. ಚಟ ಆಣೆ ಕೇಳುವುದಿಲ್ಲ. ಆಣೆ ಮುರಿದವ ಮನೆಯವರಿಗೆ ಮುಖ ತೋರಿಸುವುದಕ್ಕೇ ಹೆದರುತ್ತಾನೆ.

ಮುಳ್ಳೇರಿಯದಿಂದ:
ಕೇಸಿನ ಬಗ್ಗೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಎಂಡಿಎಂಎಗೆ ಸಣ್ಣ ಪ್ರಮಾಣ ಅಂದರೆ ಅರ್ಧ ಗ್ರಾಂ, ತೀರಾ ಕಮ್ಮಿ. ಗೆಳೆಯರಿಗೆ ತಂದುಕೊಡುವ ಕೆಲಸಕ್ಕೆ ಇಳಿದಿದ್ದಾನಾ ಅಂತ ಮೆಲ್ಲಗೆ ವಿಚಾರಿಸಿ. ಹಾಗಿದ್ದರೆ ಅದು ಬೇರೆಯೇ ಕೇಸು, ಮೊದಲು ವಕೀಲರನ್ನು ನೋಡಿ.
ಚಟ ಬಿಡಿಸಲು ಕೇರಳ ಅಬಕಾರಿ ಇಲಾಖೆ ನಡೆಸುವ ವಿಮುಕ್ತಿ ಸಹಾಯವಾಣಿ 14405. ನಮ್ಮ ಕಾಸರಗೋಡು ಜಿಲ್ಲೆಯ ವಿಮುಕ್ತಿ ಕೇಂದ್ರ ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ. ಮಲಯಾಳ ಕಷ್ಟ ಅಂತಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ. ತಮ್ಮ ಒಪ್ಪುವವರೆಗೆ ಕಾಯಬೇಕಾಗಿಲ್ಲ, ನೀವೇ ಮೊದಲು ಮಾತಾಡಿ.

ಮಂಜೇಶ್ವರದಿಂದ:
ನಾನು ತಗೊಳ್ತಿದ್ದವ, ಈಗ ಬಿಟ್ಟಿದ್ದೇನೆ. ಬ್ಯಾಗು, ಮೊಬೈಲು ಹುಡುಕಬೇಡಿ. ನಮ್ಮ ಮನೆಯಲ್ಲಿ ಹುಡುಕಿದರು, ನಾನು ಸಾಮಾನನ್ನು ಹೊರಗೆ ಇಡಲು ಕಲಿತೆ, ಅಷ್ಟೇ. ಕೈಗೆ ದುಡ್ಡು ಮಾತ್ರ ಕೊಡಬೇಡಿ. ಊಟ ಹಾಕಿ, ಬಸ್ಸಿನ ಟಿಕೆಟ್ ನೀವೇ ಮಾಡಿ, ಸಾಲ ತೀರಿಸಲು ಹೋಗಬೇಡಿ.
ಅಪ್ಪನಿಗೆ ಹೇಳುವುದಾದರೆ ತಮ್ಮನನ್ನು ಕೇಳಿಯೇ ಹೇಳಿ. ನನ್ನ ಅಕ್ಕ ಹಾಗೆ ಮಾಡಿದ್ದಕ್ಕೇ ನಾನು ಅವಳ ಜೊತೆ ಡಾಕ್ಟರ ಹತ್ತಿರ ಹೋದದ್ದು.
"ಬದುಕಿ ಏನು ಪ್ರಯೋಜನ" ಅನ್ನುವ ಥರ ಮಾತು ಬಂದರೆ ಮಾತ್ರ ಯಾರ ಒಪ್ಪಿಗೆಗೂ ಕಾಯಬೇಡಿ. ಒಬ್ಬನನ್ನೇ ಬಿಡದೆ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕುಡಿತ, ನಿದ್ದೆ ಮಾತ್ರೆಯೂ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಅವನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು.